ಹೊಂಡದಲ್ಲಿ ಸತ್ತವನು

ತಿಕೋಟಾ ಬಸ್ ನಿಲ್ದಾಣದ ಎದುರಿಗೆ ಒಂದು ಫ್ಲೆಕ್ಸ್ ಕಟ್ಟಿದ್ದಾರೆ. ಅದರಲ್ಲಿ ಈಚೆಗೆ ತೀರಿಕೊಂಡ ಒಬ್ಬರು ಬಿಳಿ ಅಂಗಿ ತೊಟ್ಟು, ಎಡಗೈ ಆಕಾಶಕ್ಕೆತ್ತಿ, ಬಲಗೈಯಲ್ಲಿ ಮೈಕ್ ಹಿಡಿದು ನಿಂತಿದ್ದಾರೆ. ತೀರಿಕೊಂಡವರ ಫೋಟೊದಲ್ಲಿ ಮೈಕ್ ಇರುವುದನ್ನು ನಾನು ನೋಡಿದ್ದು ಇದೇ ಮೊದಲು. ಹಾಕಿಸಿದವರು ತಿಳಿದೇ ಹಾಕಿಸಿದ್ದಾರೆ, ಮೈಕ್ ಇಲ್ಲದಿದ್ದರೆ ಅರ್ಧ ಜನಕ್ಕೆ ಗುರುತೇ ಹತ್ತುತ್ತಿರಲಿಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ 'ನಂಬಿಕೆಯ ವೀರ' ಎಂದು ಬರೆಸಿದ್ದಾರೆ. ಬಸ್ಸಿಗೆ ಕಾಯುತ್ತ ಅದನ್ನೇ ನೋಡುತ್ತ ನಿಂತಿದ್ದೆ, ಸಿಟ್ಟು ಬಂತು. ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ.

ಹೆಸರು ಬರೆಯುವುದಿಲ್ಲ. ಬರೆದರೆ ಅವರ ಕ್ರೈಸ್ತ ಸಭೆಯವರು ನಮ್ಮ ಮನೆಗೆ ಬಂದು ನನ್ನ ಮನಸ್ಸು ತಿರುಗಲೆಂದು ಪ್ರಾರ್ಥನೆಗೆ ಕೂಡುತ್ತಾರೆ. ಅವರ ಪ್ರಾರ್ಥನೆ ಊಟದ ಹೊತ್ತು ಮೀರಿದರೂ ಮುಗಿಯುವಂಥದ್ದಲ್ಲ. ಎಲ್ಲರೂ ಅವರನ್ನು 'ಸಾಕ್ಷಿ ಅಣ್ಣಾರು' ಎನ್ನುತ್ತಿದ್ದರು. ದೇವರು ತನ್ನನ್ನು ಹೇಗೆ ಬದಲಾಯಿಸಿದ ಎಂದು ಸಭೆಯಲ್ಲಿ ಎದ್ದು ನಿಂತು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ಅದನ್ನು ಅವರಷ್ಟು ಹೇಳಿದವರು ಈ ಕಡೆ ಇನ್ನೊಬ್ಬರಿಲ್ಲ.

ನಾನು ಹುಟ್ಟಾ ಕ್ರೈಸ್ತ. ಅಜ್ಜನ ಕಾಲದಿಂದ ವಿಜಯಪುರದಲ್ಲಿದ್ದೇವೆ. ಹೇಳಿಕೊಳ್ಳಲು ನನ್ನ ಬಳಿ ಚೆಂದದ ಪಾಪ ಒಂದೂ ಇಲ್ಲ, ಹಾಗಾಗಿ ನನ್ನ ಕೈಗೆ ಯಾರೂ ಮೈಕ್ ಕೊಟ್ಟಿಲ್ಲ. ಸಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತನಾದ ಮೇಲೆ, ಹಾರ್ಮೋನಿಯಂ ಬರುತ್ತದೆಂಬ ಒಂದೇ ತಪ್ಪಿಗೆ ಭಾನುವಾರ ಭಾನುವಾರ ತಿಕೋಟಾದ ಸಣ್ಣ ಸಭೆಗೆ ಹೋಗಬೇಕಾಯಿತು. ಸಭೆ ಸೇರುತ್ತಿದ್ದದ್ದು ದ್ರಾಕ್ಷಿಗೆ ಹೊಡೆಯುವ ಔಷಧ ಮಾರುವ ಅಂಗಡಿಯ ಮೇಲಿನ ಹಾಲ್‌ನಲ್ಲಿ. ಕೆಳಗಿನಿಂದ ಗಂಧಕದ ವಾಸನೆ ಬರುತ್ತಿತ್ತು, ನರಕದ ಮೇಲೆ ಉಪದೇಶವಿದ್ದ ದಿನ ಅದು ಅನುಕೂಲಕ್ಕೇ ಬರುತ್ತಿತ್ತು. ಹಾರ್ಮೋನಿಯಂ ಹಿಡಿದವನು ಜನಕ್ಕೆ ಎದುರಾಗಿ ಕೂಡಬೇಕು. ಉಳಿದವರು ಮಾತಾಡುವವರ ಮುಖ ನೋಡಿದರೆ ನಾನು ಕೇಳುವವರ ಮುಖ ನೋಡುತ್ತಿದ್ದೆ.

ಸಾಕ್ಷಿ ಅಣ್ಣಾರು ಬಿಜ್ಜರಗಿ ಕಡೆಯವರು. ತಿಕೋಟಾದಿಂದ ವಿಜಯಪುರಕ್ಕೆ ಟಂಟಂ ಆಟೊ ಓಡಿಸುತ್ತಿದ್ದರು. ಮೊದಲು ಕುಡಿಯುತ್ತಿದ್ದರು, ಹೆಂಡತಿಗೆ ಹೊಡೆಯುತ್ತಿದ್ದರು, ಬಾಯಿ ತೆಗೆದರೆ ಬೈಗುಳ. ಒಮ್ಮೆ ಕಾಮಾಲೆ ಆಗಿ ಬದುಕುವುದೇ ಕಷ್ಟ ಎಂದಾಗ ಯಾರೋ ಬಂದು ಪ್ರಾರ್ಥನೆ ಮಾಡಿದರು, ಗುಣವಾಯಿತು. ಅಲ್ಲಿಂದ ಸಭೆಗೆ ಬರತೊಡಗಿದರು. ಗಂಡ ಬಂದ ಮೇಲೆ ಹೆಂಡತಿಯೂ ಬಂದಳು, ಅವಳನ್ನು ಯಾರೂ ಕೇಳಿರಲಿಲ್ಲ. ಕುಡಿತ ಬಿಟ್ಟದ್ದು ಮಾತ್ರ ನೂರಕ್ಕೆ ನೂರು ನಿಜ, ಅದನ್ನು ಅಲ್ಲಗಳೆಯುವ ಮನುಷ್ಯ ನಾನಲ್ಲ. ತುಟಿಗೆ ಮತ್ತೆ ಸೋಕಿಸಲಿಲ್ಲ.

ಅವರ ದೀಕ್ಷಾಸ್ನಾನಕ್ಕೆ ನಾನೂ ಹೋಗಿದ್ದೆ. ಬಿಜ್ಜರಗಿಯ ದ್ರಾಕ್ಷಿ ತೋಟದವರೊಬ್ಬರು ತಮ್ಮ ಕೃಷಿಹೊಂಡ ಕೊಟ್ಟಿದ್ದರು. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿ ಕಟ್ಟಿ ಜಾರುತ್ತಿತ್ತು. ಮೊದಲು ಪಾಸ್ಟರು ಜಾರಿದರು. ಅವರನ್ನು ಹಿಡಿಯಲು ಹೋಗಿ ಇವರು ಜಾರಿದರು. ಯಾರು ಯಾರನ್ನು ಮುಳುಗಿಸಿದರು ಎಂಬುದು ದಂಡೆಯ ಮೇಲಿದ್ದ ನಮಗೆ ತಿಳಿಯಲಿಲ್ಲ. ಅಂತೂ ಮೂಗಿನಿಂದ ನೀರು ಸುರಿಸುತ್ತ ಮೇಲೆದ್ದು ಇವರು ಕೂಗಿದರು.

"ಹಳೇ ಮನಷ್ಯಾ ಸತ್ತಾನ! ಹೊಂಡದಾಗ ಉಳದಾನ ಅಂವ!"

ನಾವೆಲ್ಲ ಸ್ತೋತ್ರ ಎಂದೆವು. ತೋಟದವರು ನನ್ನ ಪಕ್ಕದಲ್ಲಿ ನಿಂತಿದ್ದರು. "ಯಪ್ಪಾ, ನಾಳೆ ಇದ ನೀರ ದ್ರಾಕ್ಷಿಗೆ ಬಿಡಬೇಕಲ್ರಿ" ಎಂದು ಮೆಲ್ಲಗೆ ಗೊಣಗಿದರು.

ಹಳೆಯ ಮನುಷ್ಯ ನೀರಿನಲ್ಲಿ ಸಾಯುತ್ತಾನೆ, ಹೊಸಬ ಎದ್ದು ಬರುತ್ತಾನೆ ಎಂಬುದು ನಮ್ಮ ಹಿರಿಯರ ನಂಬಿಕೆಯೂ ಹೌದು. ನಮ್ಮ ಅಜ್ಜಿಯೂ ಅದನ್ನೇ ನಂಬಿದ್ದಳು. ಆದರೆ ಅಜ್ಜಿಯ ಒಳಗಿದ್ದ ಹಳೆಯವಳು ಬಹಳ ಗಟ್ಟಿ ಜೀವ, ಎಷ್ಟು ಸಲ ಸತ್ತರೂ ನಳದ ನೀರು ಬಂದ ಕೂಡಲೇ ಎದ್ದು ಕೂಡುತ್ತಿದ್ದಳು. ಬೀದಿಯ ಹೆಂಗಸರೊಡನೆ ಕೊಡದ ಪಾಳಿಗೆ ದಿನಾ ಜಗಳ. ನಮ್ಮ ಹಳೆಯ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಪ್ರಭುಭೋಜನದ ರೊಟ್ಟಿ ತಗೊಳ್ಳುವ ಮುಂಚೆ, ಯಾರ ಮನಸ್ಸು ನೋಯಿಸಿದ್ದೇವೋ ಅವರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬರಬೇಕು. ಅಜ್ಜಿ ಶನಿವಾರ ಸಂಜೆ ಸೆರಗು ಹೊದ್ದು ಹೊರಡುತ್ತಿದ್ದಳು. "ನನ್ನ ಬಾಯಿ ಕೆಟ್ಟದ್ದ ಐತೆವ್ವಾ, ಮನಸಿಗೆ ಹಚ್ಕೋಬ್ಯಾಡ" ಎಂದು ಬಾಗಿಲಲ್ಲಿ ನಿಂತು ಹೇಳಿ ಬರುತ್ತಿದ್ದಳು. ಆ ಹೆಂಗಸರು ಕ್ರೈಸ್ತರೇನಲ್ಲ, ಆದರೂ ಒಳಗೆ ಕರೆದು ಚಹಾ ಕೊಡುತ್ತಿದ್ದರು. ಮುಂದಿನ ವಾರ ಮತ್ತೆ ಜಗಳ, ಮತ್ತೆ ಶನಿವಾರ. ಮುದುಕಿಯಾಗುತ್ತ ಜಗಳ ಕಡಿಮೆಯಾಯಿತು, ಹೋಗಿ ಬರುವುದು ನಿಲ್ಲಲಿಲ್ಲ. ಭಕ್ತಿಯಲ್ಲಿ ಬೆಳೆಯುವುದು ಎಂದರೆ ನನಗೆ ಇಷ್ಟೇ ಗೊತ್ತು.

ಸಾಕ್ಷಿ ಅಣ್ಣಾರೂ ಬೆಳೆದರು. ಆದರೆ ಅವರಲ್ಲಿ ಬೆಳೆದದ್ದು ಬಿಟ್ಟುಬಂದ ಪಾಪಗಳು. ಮೊದಮೊದಲು ಅವರ ಸಾಕ್ಷಿ ಚಿಕ್ಕದಿತ್ತು. ಕ್ವಾರ್ಟರ್ ಕುಡಿಯುತ್ತಿದ್ದೆ, ಹೆಂಡತಿಗೆ ಕೈ ಮಾಡುತ್ತಿದ್ದೆ, ದೇವರು ಬಿಡಿಸಿದ ಎಂದು ಹೇಳಿ ಕೂತುಬಿಡುತ್ತಿದ್ದರು. ಕೇಳಿದರೆ ಕಣ್ಣು ಒದ್ದೆಯಾಗುತ್ತಿತ್ತು. ಬಬಲೇಶ್ವರದ ಕೂಟಕ್ಕೆ ಹೋಗುವಷ್ಟರಲ್ಲಿ ಕ್ವಾರ್ಟರ್ ಪೂರ್ತಿ ಬಾಟ್ಲಿಯಾಯಿತು. ಅರಕೇರಿಯಲ್ಲಿ ಬರಿಗೈ ಹೋಗಿ ಬಾರಕೋಲು ಬಂತು. ವಿಜಯಪುರದ ದೊಡ್ಡ ಕೂಟದಲ್ಲಿ, ಯೂಟ್ಯೂಬಿಗೆಂದು ಕ್ಯಾಮೆರಾ ಇಟ್ಟ ದಿನ, ಹೆಂಡತಿಯನ್ನು ಬಾವಿಗೆ ನೂಕಲು ಎಳೆದುಕೊಂಡು ಹೋಗಿದ್ದರು ಮತ್ತು ಸರಿಯಾಗಿ ಅದೇ ಗಳಿಗೆಗೆ ಆಕಾಶದಿಂದ ದನಿ ಕೇಳಿಸಿತ್ತು. ಅವರ ಮನೆಯ ಸುತ್ತಮುತ್ತ ಬಾವಿಯೇ ಇಲ್ಲ. ಜನ ಚಪ್ಪಾಳೆ ಹೊಡೆದರು, ಪಾಸ್ಟರು ಅವರನ್ನು ತಬ್ಬಿಕೊಂಡರು.

ಆ ಹೊತ್ತಿನಲ್ಲೆಲ್ಲ ಹೆಂಡತಿ ಹಿಂದೆ, ಗೋಡೆಗೆ ಒರಗಿ, ಹೆಂಗಸರ ನಡುವೆ ಕೂತಿರುತ್ತಿದ್ದಳು. ಸಾರವಾಡದ ರೈತರ ಮನೆಯ ಮಗಳು, ಮಾತು ಕಡಿಮೆ. ಬಾರಕೋಲು ಬಂದ ಕೂಡಲೇ ಹೆಂಗಸರೆಲ್ಲ ಹೊರಳಿ ಅವಳ ಕಡೆ ನೋಡುತ್ತಿದ್ದರು. ಅವಳು ತಲೆ ತಗ್ಗಿಸಿ ಜಮಖಾನೆಯ ಎಳೆ ಕೀಳುತ್ತಿದ್ದಳು. ಆ ಬಾವಿಯ ಕೂಟ ಮುಗಿದ ಮೇಲೆ ಹೆಂಗಸೊಬ್ಬಳು ಅವಳನ್ನು ಹುಡುಕಿಕೊಂಡು ಬಂದು, "ಬಾವಿ ಎಷ್ಟ ಆಳ ಇತ್ತರಿ ಅಕ್ಕೋರ?" ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ. ಗಂಡ ದೇವರ ಮುಂದೆ ತನ್ನ ಪಾಪ ಹೇಳಿಕೊಂಡಾಗಲೆಲ್ಲ ಊರ ಮುಂದೆ ಬೆತ್ತಲೆ ನಿಂತವಳು ಹೆಂಡತಿ. ನನಗೆ ಅದು ಹೇಸಿಗೆ ಅನಿಸುತ್ತಿತ್ತು.

ಅವರ ಟಂಟಂ ಹಿಂದೆ 'ನಾನು ಬದಲಾಗಿದ್ದೇನೆ, ನೀವು?' ಎಂದು ಬರೆಸಿದ್ದರು. ಅದರ ಕೆಳಗೆ ಪೇಂಟರ್ ತನ್ನ ರೂಢಿಯಂತೆ 'ಅಂತರ ಕಾಯ್ದುಕೊಳ್ಳಿ' ಎಂದೂ ಬರೆದಿದ್ದ. ಗಾಡಿ ಓಡಿಸುವಾಗ ಯಾರಾದರೂ ಅಡ್ಡ ಬಂದರೆ ಬೈಗುಳ ನಾಲಿಗೆಯ ತುದಿಗೆ ಬರುತ್ತಿತ್ತು, ಆಗ ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತಡೆಯುತ್ತಿದ್ದರು. ಕಣ್ಣು ಕೆಂಪಾಗಿ, ಕುತ್ತಿಗೆಯ ನರ ಉಬ್ಬಿ, ಬಾಯ್ತುಂಬ ಟವೆಲ್. ನೋಡಿದರೆ ನಗು ಬರುತ್ತಿತ್ತು, ಆದರೆ ಆ ಒದ್ದಾಟ ಸುಳ್ಳಲ್ಲ. ರಸ್ತೆಯಲ್ಲಿ ಅಷ್ಟು ಒದ್ದಾಡುವವರು ಮನೆಗೆ ಬಂದ ಕೂಡಲೇ ಟವೆಲ್ ಗೂಟಕ್ಕೆ ಹಾಕುತ್ತಿದ್ದರು.

ಸಭೆ ಮುಗಿದ ಮೇಲೆ ನನ್ನ ಊಟ ಅವರ ಮನೆಯಲ್ಲೇ. ಆಕೆ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಬಡಿಸುತ್ತಿದ್ದಳು. ಒಂದು ಭಾನುವಾರ ಬಡಿಸುತ್ತ ನನ್ನ ಮುಖ ನೋಡಿ ಕೇಳಿದಳು.

"ಮಾಸ್ತರ, ಬಾರಕೋಲು ಎಲ್ಲಿಂದ ಬಂತ್ರಿ? ನಮ್ಮನ್ಯಾಗ ಎತ್ತ ಎಂದೂ ಇರಲಿಲ್ಲ."

ಅಣ್ಣಾರು ನಕ್ಕರು. "ಮಂದಿ ಆತ್ಮ ಉಳೀಬೇಕಂದ್ರ ಒಂದೀಟ ಹೆಚ್ಚ ಹೇಳಬೇಕಾಕೈತಿ ಸಿಸ್ಟರ್." ಜನರೆದುರು ಅವರು ಹೆಂಡತಿಗೆ ಸಿಸ್ಟರ್ ಎನ್ನುತ್ತಿದ್ದರು. ಜನ ಇಲ್ಲದಾಗ ಏನೆನ್ನುತ್ತಿದ್ದರೋ ನನಗೆ ಗೊತ್ತಿಲ್ಲ.

"ಕೈಲೆ ಹೊಡದದ್ದು ಖರೇ ಐತಲ್ರಿ. ಊರ ಮಂದಿಗೆಲ್ಲಾ ಹೇಳೀರಿ. ಒಮ್ಮೆರ ನನಗ ತಪ್ಪಾತು ಅನ್ರಿ."

"ಹೊಡದಾಂವ ನಾ ಅಲ್ಲ. ಅಂವ ಹೊಂಡದಾಗ ಸತ್ತಾನ. ಸತ್ತಾಂವ ಎದ್ದ ಬಂದು ತಪ್ಪಾತು ಅಂತಾನೇನ?"

ಹೀಗೆ ಹೇಳಿ ರೊಟ್ಟಿ ಮುರಿದರು. ಆ ಉತ್ತರಕ್ಕೆ ಅವರಿಗೇ ಹಿಗ್ಗು. ಆಮೇಲೆ ಯಾರು ಯಾವ ಹಳೆಯ ಮಾತು ತೆಗೆದರೂ ಅದೇ ಉತ್ತರ. ಅಣ್ಣತಮ್ಮಂದಿರು ಬಂದು ಬೈದರೂ, ಹಳೆಯ ಗೆಳೆಯ ಯಾವುದೋ ಜಗಳ ನೆನಪಿಸಿದರೂ, ಎಲ್ಲಕ್ಕೂ ಹೊಂಡವನ್ನು ತೋರಿಸುತ್ತಿದ್ದರು. ಬಿಜ್ಜರಗಿಯ ಆ ಹೊಂಡದಲ್ಲಿ ಅವರು ಮುಳುಗಿಸದ ಲಫಡಾ ಉಳಿದಿರಲಿಲ್ಲ.

ಆಮೇಲೆ ಸಾರವಾಡದಲ್ಲಿ ಆಕೆಯ ತಾಯಿ ತೀರಿಕೊಂಡಳು. ಮುಂಜಾನೆ ಆಕೆಯ ಅಣ್ಣನ ಫೋನ್ ಬಂತು. ಆಕೆ ಸೀರೆ ಬದಲಿಸಿ ಬಾಗಿಲಿಗೆ ಬಂದರೆ ಗಂಡ ಅಡ್ಡ ನಿಂತಿದ್ದರು. ಅಲ್ಲಿ ಪೂಜೆ ಮಾಡುತ್ತಾರೆ, ವಿಭೂತಿ ಹಚ್ಚುತ್ತಾರೆ, ನಾವು ಅಂಥಲ್ಲಿ ಕಾಲಿಡಬಾರದು ಎಂದರು. ಅಳಲೂ ಬಿಡಲಿಲ್ಲ. ಸತ್ತವರಿಗಾಗಿ ಹಾಡ್ಯಾಡಿ ಅಳುವುದು ನಮ್ಮ ಸೀಮೆಯ ಹೆಂಗಸರ ಪದ್ಧತಿ. ಹೆಣದ ಮುಂದೆ ಕೂತು, ಸತ್ತವರ ಒಂದೊಂದೇ ಗುಣ ಎತ್ತಿ ರಾಗವಾಗಿ ಹೇಳುತ್ತ ಅಳುತ್ತಾರೆ. ಅದು ದೇವರನ್ನು ಅರಿಯದವರ ಅಳು ಎಂದು ಸಭೆಯಲ್ಲಿ ಕಲಿಸಿದ್ದರು. ಆಕೆ ಅವತ್ತು ಇಡೀ ದಿನ ಅಡುಗೆಮನೆಯಲ್ಲಿ ಬಾಯಿಗೆ ಸೆರಗು ತುರುಕಿಕೊಂಡು ಕೂತಿದ್ದಳಂತೆ. ಸಂಜೆ ಅಣ್ಣ ಮತ್ತೆ ಫೋನ್ ಮಾಡಿ, "ಅವ್ವನ ಮಣ್ಣಿಗೆ ಬರಲಾರದಾಕಿ ಇನ್ನ ಈ ಮನಿಗೆ ಬರಬ್ಯಾಡ" ಎಂದು ಹೇಳಿ ಇಟ್ಟುಬಿಟ್ಟ.

ಇದೆಲ್ಲ ನನಗೆ ತಿಳಿದದ್ದು ಹೇಗೆ? ಮುಂದಿನ ಭಾನುವಾರ ಅಣ್ಣಾರು ಮೈಕ್ ಹಿಡಿದು ಅದನ್ನೇ ಸಾಕ್ಷಿಯಾಗಿ ಹೇಳಿದರು! "ನಮ್ಮ ಸಿಸ್ಟರ್ ಹೆತ್ತವ್ವ ಸತ್ತರೂ ನಾವು ಮಣ್ಣಿಗೆ ಹೋಗಲಿಲ್ಲ, ವಿಗ್ರಹದ ಮುಂದ ತಲಿ ಬಾಗಲಿಲ್ಲ, ಗೆದ್ದ ಬಂದೇವಿ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಪಾಸ್ಟರು ನನ್ನ ಕಡೆ ನೋಡಿ ಹಾಡಿಗೆ ಸನ್ನೆ ಮಾಡಿದರು. ನಾನು ಹಾರ್ಮೋನಿಯಂ ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋಗಿ, ನಿಲ್ದಾಣದ ಹತ್ತಿರ ಚಹಾ ಕುಡಿದು ಬಂದೆ. ಸಭೆಯವರು ಶ್ರುತಿ ಇಲ್ಲದೆ ಹಾಡಿಕೊಂಡರು.

ಅವತ್ತಿನ ಊಟಕ್ಕೆ ಆಕೆ ಬಡಿಸಿದಳು, ಬಡಿಸಿ ಎದ್ದು ಹೋಗಲಿಲ್ಲ. ಗಂಡನ ಎದುರಿಗೆ ನಿಂತಳು.

"ಹೊಡದಾಂವ ಹೊಂಡದಾಗ ಸತ್ತ, ಆತು, ಒಪ್ಪಿದೆ. ನಮ್ಮವ್ವನ ಮಾರಿ ನೋಡಾಕ ಬಿಡಲಾರದಾಂವ ಯಾರ್ರಿ? ಅಂವ ಎಂದ ಸತ್ತಾನ?"

ಮನೆಯಲ್ಲಿ ಟವೆಲ್ ಕಚ್ಚಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಗೂಟದ ಮೇಲಿದ್ದದ್ದನ್ನು ಎಳೆದು ಬಾಯಿಗಿಟ್ಟುಕೊಂಡು, ಅರ್ಧ ಊಟ ಬಿಟ್ಟು ಎದ್ದು ಹೊರಗೆ ಹೋದರು.

ನಾನು ಆಕೆಗೆ ಹೇಳಿದೆ. "ಯಕ್ಕಾ, ನಾ ನಿನ್ನ ಸಾರವಾಡಕ್ಕ ಕರಕೊಂಡ ಹೋಗತೀನಿ. ನಿಮ್ಮಣ್ಣಗ ನಾನ ಹೇಳತೀನಿ."

"ನೀವ್ಯಾಕ್ರಿ ಮಾಸ್ತರ? ನೀವೇನ ಅಡ್ಡ ನಿಂತಿದ್ರೇನ? ಯಾರ ಬಿಡಲಿಲ್ಲ, ಅವ್ರ ಕರಕೊಂಡ ಹೋಗಬೇಕು. ತಪ್ಪಾತು ಅಂತ ಒಂದ ಮಾತ ಅಂದು ಕರಕೊಂಡ ಹೋಗ್ಲಿ. ಅವ್ವನ್ನ ಇಟ್ಟ ಜಾಗದಾಗ ಕುಂತು ಬಾಯ್ತುಂಬ ಅತ್ತ ಬರತೀನಿ. ಮತ್ತೇನೂ ಬ್ಯಾಡ ನನಗ."

ಆಕೆ ಕೇಳಿದ್ದು ಇಷ್ಟೇ. ಅಷ್ಟು ಸಾಕ್ಷಿ ಹೇಳಿದ ಬಾಯಿಗೆ ಅದೇನು ಮಹಾ ಭಾರ? ವಿಜಯಪುರಕ್ಕೆ ಮರಳುವಾಗ ಟಂಟಂನಲ್ಲಿ ಅವರ ಪಕ್ಕದಲ್ಲಿ ಕೂತು ಅದನ್ನೇ ಕೇಳಿದೆ. ಗಾಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಗಾಡಿಯ ವೇಗ ಇಳಿಸಿದರು. ಆಮೇಲೆ ಮೈಕಿನಲ್ಲಿ ಎಂದೂ ಕೇಳದ ಒಂದು ಸಣ್ಣ ದನಿಯಲ್ಲಿ ಮಾತಾಡಿದರು.

"ಮಾಸ್ತರ, ನಿಮಗ ಹುಟ್ಟತಲೇ ಸಿಕ್ಕೈತಿ. ನಾ ಕುಡಿಯೂದ ಬಿಟ್ಟೆ, ಅಣ್ಣತಮ್ಮರ್ನ ಬಿಟ್ಟೆ, ಮನಿದೇವರ ಬಿಟ್ಟೆ. ಇಷ್ಟೆಲ್ಲಾ ಬಿಟ್ಟ ಮ್ಯಾಲೂ ನಾ ಕೆಟ್ಟಾಂವ ಅದೇನಿ ಅಂತ ಒಪ್ಪಿದ್ರ, ಆ ಹೊಂಡದಾಗ ಆಗಿದ್ದರ ಏನ ಮತ್ತ?"

"ಹೊಂಡದಾಗ ನೀವು ಹುಟ್ಟೀರಿ, ಅಷ್ಟ. ಹುಟ್ಟಿದ ಕೂಸು ಅವತ್ತ ಎದ್ದು ನಡ್ಯಾಂಗಿಲ್ಲ. ಬೀಳತೈತಿ, ಏಳತೈತಿ. ಬಿದ್ದದ್ದ ಸುಳ್ಳು ಅಂದ್ರ ಏಳೋದು ಹೆಂಗ್ರಿ?"

ಅಷ್ಟರಲ್ಲಿ ಎದುರಿಗೆ ಯಾರೋ ಕೈ ಮಾಡಿದರು, ಗಾಡಿ ನಿಲ್ಲಿಸಿ ಹತ್ತಿಸಿಕೊಂಡರು. ಸ್ವಲ್ಪ ದೂರ ಹೋದ ಮೇಲೆ ಹತ್ತಿದವರಿಗೆ ತಮ್ಮ ಸಾಕ್ಷಿ ಶುರುಮಾಡಿದರು. ಬಾವಿ ಇನ್ನಷ್ಟು ಆಳವಾಗಿತ್ತು.

ಪಾಸ್ಟರಿಗೂ ಹೇಳಿದೆ. "ಮಾಸ್ತರ, ಅವ್ರ ಸಾಕ್ಷಿ ಕೇಳಿ ಎಷ್ಟ ಮಂದಿ ಬರಾಕತ್ತಾರ ನೋಡ್ರಿ. ಗಂಡಹೆಂಡ್ರ ಮಾತಿನಾಗ ನಾವ್ಯಾಕ ಬೀಳಬೇಕು" ಎಂದರು. ವೇದಿಕೆಯ ಮೇಲೆ ಹೇಳಿದಾಗ ಅದು ದೇವರ ಮಹಿಮೆ, ಹೆಂಡತಿ ಕೇಳಿದಾಗ ಮನೆಯ ಮಾತು. ಇಂಥ ಬುದ್ಧಿವಂತಿಕೆ ಯಾವ ಪಾಠಶಾಲೆಯಲ್ಲಿ ಕಲಿಸುತ್ತಾರೋ ನನಗೆ ತಿಳಿಯದು.

ಕಡೆಗೆ ಅವರ ಕಿಡ್ನಿ ಕೈಕೊಟ್ಟವು. ದವಾಖಾನೆಯವರು ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ನನಗೆ ಹೇಳಿಕಳಿಸಿದರು. ಮಧ್ಯಾಹ್ನ ಹೋದೆ. ಮುಖ ಊದಿತ್ತು, ದನಿ ಸೋತಿತ್ತು. ಆಕೆ ಅಡುಗೆಮನೆಯಲ್ಲಿ ಗಂಜಿ ಕಾಯಿಸುತ್ತಿದ್ದಳು.

"ಮಾಸ್ತರ, ಸಭಾದವ್ರನ್ನ ಕರೀರಿ. ಒಂದ ಮಾತ ಹೇಳಬೇಕಾಗೇತಿ. ಆಕಿ ಅವ್ವನ ಮಾತು. ನಾ ಮಾಡಿದ್ದು ತಪ್ಪ ಐತಿ."

ನನ್ನ ಎದೆ ಹಗುರಾಯಿತು. "ಸಭಾ ಯಾಕ ಬೇಕ್ರಿ? ಆಕಿ ಒಳಗ ಅದಾಳ. ಕರೀತೀನಿ, ಹೇಳಿಬಿಡ್ರಿ."

ಅವರು ನನ್ನ ಕೈ ಹಿಡಿದುಕೊಂಡರು. "ಒಬ್ಬಾಕಿ ಮುಂದ ನನಗ ಬಾಯಿ ಬರಂಗಿಲ್ಲೋ ಮಾಸ್ತರ. ಮೈಕ್ ಇದ್ರ ಹೇಳತೀನಿ."

ಇದಕ್ಕೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆದರೂ ಆಕೆಯನ್ನು ಕರೆದೆ. ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಹಾಸಿಗೆಯ ಪಕ್ಕ ನಿಂತಳು. ಏನು ಎಂದು ಕೇಳಲಿಲ್ಲ, ಅವಳಿಗೆ ಗೊತ್ತಿತ್ತು. ಅವರು ಅವಳ ಮುಖ ನೋಡಿದರು. ತುಟಿ ಅಲುಗಿತು. ಆಮೇಲೆ ಹೊದಿಕೆಯ ತುದಿ ಎಳೆದು ಹಲ್ಲಿನಲ್ಲಿ ಕಚ್ಚಿದರು. ಬೈಗುಳ ತಡೆಯಲು ರೂಢಿಸಿಕೊಂಡ ಕಸರತ್ತು, ಅವತ್ತು ಒಳ್ಳೆಯ ಮಾತೊಂದನ್ನು ತಡೆಯಿತು. ಆಕೆ ಕಾದಳು. ಒಳಗೆ ಗಂಜಿ ಉಕ್ಕಿದ ಸಪ್ಪಳ ಬಂತು.

"ನೀರು" ಎಂದರು ಅವರು.

ಆಕೆ ನೀರು ಕುಡಿಸಿ ಒಳಗೆ ಹೋದಳು. ಮರುದಿನ ಅವರು ತೀರಿಕೊಂಡರು.

ಮಣ್ಣಿಗೆ ಬಹಳ ಜನ ಬಂದಿದ್ದರು. ಬಬಲೇಶ್ವರ, ಅರಕೇರಿ ಕಡೆಯಿಂದ ಗಾಡಿ ಮಾಡಿಕೊಂಡು ಬಂದಿದ್ದರು. ಪಾಸ್ಟರು ಅವರ ಸಾಕ್ಷಿಯನ್ನು ತಾವೇ ಇನ್ನೊಮ್ಮೆ ಹೇಳಿದರು, ಬಾರಕೋಲು ಬಾವಿ ಯಾವುದನ್ನೂ ಬಿಡಲಿಲ್ಲ. ಹೆಂಗಸರು ಆಕೆಗೆ ಮೊದಲೇ ಹೇಳಿಟ್ಟಿದ್ದರು, ಅಳಬಾರದು, ಅಣ್ಣಾರು ಒಳ್ಳೆ ಕಡೆ ಹೋಗಿದ್ದಾರೆ. ಆಕೆ ಅಳಲಿಲ್ಲ. ಕುಣಿಯ ಅಂಚಿಗೆ ಕೂತು ಮಣ್ಣು ನೋಡುತ್ತಿದ್ದಳು. ನಾನು ಹಾರ್ಮೋನಿಯಂ ಇಟ್ಟುಕೊಂಡು ಎದುರಿಗೆ ಕೂತಿದ್ದೆ.

ಎಲ್ಲರೂ ಹಿಡಿಮಣ್ಣು ಹಾಕುವಾಗ ಹಿಂದಿನಿಂದ ಒಬ್ಬ ಹಿರಿಯ ಮನುಷ್ಯ ಜನ ಸರಿಸಿಕೊಂಡು ಮುಂದೆ ಬಂದ. ಹಣೆಯಲ್ಲಿ ವಿಭೂತಿ, ತಲೆಗೆ ಟೋಪಿ. ಸಾರವಾಡದ ಅಣ್ಣ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಕುಣಿಗೆ ಹಾಕಿ ಕೈ ಮುಗಿದ. ತನ್ನ ತಾಯಿಯ ಮಣ್ಣಿಗೆ ಬಾರದವನ ಮಣ್ಣಿಗೆ ಬಂದಿದ್ದ. ಹಣೆಯ ವಿಭೂತಿ ಕಂಡು ಕೆಲವರು ಮುಖ ತಿರುಗಿಸಿದರು.

ಆಕೆ ತಲೆಯೆತ್ತಿ ಅಣ್ಣನನ್ನು ನೋಡಿದಳು. ಅಷ್ಟು ದಿನ ಸೆರಗಿನಲ್ಲಿ ಒತ್ತಿ ಹಿಡಿದದ್ದು ಆಗ ಕಿತ್ತುಕೊಂಡು ಬಂತು.

"ಯವ್ವಾ ನನ್ನವ್ವಾ… ನಿನ್ನ ಮಾರಿ ನೋಡಲಿಲ್ಲ ನನ್ನವ್ವಾ… ಸಾರವಾಡದ ಹಾದ್ಯಾಗ ನನ್ನ ದಾರಿ ಕಾದೇನ ನನ್ನವ್ವಾ… ನಿನ್ನ ಬಾಯಾಗ ನೀರ ಬಿಡಲಿಲ್ಲ ನನ್ನವ್ವಾ…"

ಎದೆ ಬಡಿದುಕೊಂಡು, ರಾಗ ಎಳೆದು, ನಮ್ಮ ಸೀಮೆಯ ಹೆಂಗಸರು ಅಳುವ ಹಾಗೆ ಅತ್ತಳು. ಅವ್ವ ರೊಟ್ಟಿ ತಟ್ಟುತ್ತಿದ್ದದ್ದು, ತಲೆಗೆ ಎಣ್ಣೆ ಹಚ್ಚುತ್ತಿದ್ದದ್ದು, ಹೆರಿಗೆಗೆ ಹೋದಾಗ ಮೈ ಕಾಸಿದ್ದು, ಒಂದೊಂದೇ ಎತ್ತಿ ಹೇಳಿದಳು. ಗಂಡನ ಹೆಸರು ಅದರಲ್ಲಿ ಒಮ್ಮೆಯೂ ಬರಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ಗಂಡ ಸತ್ರ ಅವ್ವನ್ನ ನೆನಸಿ ಅಳಾಕತ್ತಾಳಲ್ಲಬೇ" ಎಂದು ಯಾರೋ ಪಿಸುಗುಟ್ಟಿದರು. ಇಬ್ಬರು ಎದ್ದು ಆಕೆಯ ಬಾಯಿ ಮುಚ್ಚಿಸಲು ಹೊರಟರು. ಅಣ್ಣ ಅವರಿಗಿಂತ ಮುಂಚೆ ಹೋಗಿ ತಂಗಿಯ ಪಕ್ಕ ಮಣ್ಣಿನಲ್ಲಿ ಕೂತ.

"ಅಳು ತಂಗಿ, ಅಳು. ಯಾರ ಬ್ಯಾಡ ಅಂತಾರ ನೋಡೂನು."

ಪಾಸ್ಟರು ಗಡಿಬಿಡಿಯಿಂದ ನನ್ನ ಕಡೆ ತಿರುಗಿ ಕೈ ಮಾಡಿದರು, ಹಾಡು ಎತ್ತಿ, ಜೋರಾಗಿ ಎತ್ತಿ ಎಂದು. ನಾನು ಹಾರ್ಮೋನಿಯಂ ಮುಚ್ಚಿದೆ. ಆಕೆ ಅತ್ತು ಮುಗಿಸುವ ತನಕ ತೆಗೆಯಲಿಲ್ಲ.